ಕಾಜಾ

ಕೌಲ್ ಬಜಾರಿನ ಸಂದಿಯಲ್ಲಿ ನನ್ನ ಮಷೀನು.
ಮೊದಲು ಜೀನ್ಸಿಗೆ ಕಾಜಾ ಹಾಕುತ್ತಿದ್ದೆ,
ದಿನಕ್ಕೆ ಆರುನೂರು, ತೂಕಡಿಸುತ್ತಲೂ ಹಾಕುತ್ತಿದ್ದೆ.
ಈಗ ಕಾರುಗಳಿಗೆ ಅಂಗಿ ಹೊಲಿಯುತ್ತೇನೆ.
ನಗಬೇಡಿ.
ಬಳ್ಳಾರಿಯ ಬಿಸಿಲಿಗೆ ಮೈಗಿಂತ
ಬಣ್ಣ ಸುಟ್ಟೀತೆಂಬ ಭಯ ಜಾಸ್ತಿ.

ಯಾವ ವರ್ಷ ಯಾವ ಕಾರು ಎಷ್ಟು ಹೋಯಿತು,
ಶೋರೂಮಿನವರ ಹತ್ತಿರ ಲೆಕ್ಕ ಇದೆಯಂತೆ.
ನನ್ನದು ತಾನಿನ ಲೆಕ್ಕ.
ಐವತ್ತು ಮೀಟರಿನ ಒಂದು ತಾನು ಬಿಚ್ಚಿದರೆ
ಆಗ ನಾಲ್ಕು ಕಾರು ಉಡುತ್ತಿದ್ದವು,
ಮಿಕ್ಕ ಎರಡು ಮೀಟರಿನಲ್ಲಿ
ನನ್ನ ಸುಂಕಿಗೆ ಶಾಲೆಯ ಚೀಲ.
ಈಗ ಎರಡೇ ಕಾರು.
ಹತ್ತೊಂಬತ್ತು, ಮತ್ತೆ ಹತ್ತೊಂಬತ್ತು.
ಮಿಕ್ಕಿದ್ದು ಹನ್ನೆರಡು:
ಸರಿಯಾಗಿ ಒಂದು ಸಣ್ಣ ಕಾರಿನ ಬಟ್ಟೆ.
ಮಡಚಿ ಅಟ್ಟಕ್ಕೆ ಹಾಕುತ್ತೇನೆ.
ಸಣ್ಣ ಕಾರಿನವರು ಯಾರೂ ಬರುವುದಿಲ್ಲ.
ನನ್ನ ತಲೆಯ ಮೇಲೆ, ತಗಡಿನ ಕೆಳಗೆ,
ಏಳೆಂಟು ಕಾರು
ಇಲ್ಲದೆಯೇ ನಿಂತಿವೆ.

ಈಗಿನವಕ್ಕೆ ಭುಜ ಬಂದಿದೆ.
ಮೂತಿ ನನ್ನ ಎದೆಮಟ್ಟ,
ನೆತ್ತಿಗೆ ಟೇಪು ಮುಟ್ಟಿಸಲು ಸ್ಟೂಲು ಬೇಕು.
ಸತ್ಯನಾರಾಯಣಪೇಟೆಯಲ್ಲೊಬ್ಬರು
ಗೇಟು ಕಿತ್ತು, ತುಳಸಿಕಟ್ಟೆ ಸರಿಸಿ ಒಳಗೆ ತಂದರು.
ಆದರೂ ಒಂದು ಗೇಣು ಬೀದಿಗೇ ಉಳಿಯಿತು.
ಹಾಲಿನವನು ದಿನಾ ಆ ಗೇಣನ್ನು ಬಳಸಿ ಹೋಗುತ್ತಾನೆ.
'ಎಷ್ಟು ಮಂದಿ ಕೂಡ್ತೀರಿ ಸಾರ್?' ಅಂದೆ.
'ನಾನೊಬ್ನೇ. ಆಫೀಸಿಗೆ.'

ಹಲ್ಲಿನ ಡಾಕ್ಟರು ಎರ್ರಿಸ್ವಾಮಿ
ಕರೆಂಟಿನ ಕಾರು ತಂದ ದಿನ
ನನ್ನ ಹಳೇ ಮಾತು ನನಗೇ ವಾಪಸು ಬಂತು.
'ಇದು ನಿದ್ದೆಯಲ್ಲಿ ಉಣ್ಣುತ್ತೆ ಹುಲಿಗೆಮ್ಮಾ,
ಹೊದ್ದುಕೊಂಡೇ ಬಾಯಿ ತೆರೀಬೇಕು,
ಒಂದು ಕಾಜಾ ಹಾಕು.'
ಬಾಯಿ ಎಲ್ಲಿ ಎಂದು ಸುತ್ತು ಬಂದೆ.
ಒಂದಕ್ಕೆ ಮೂಗಿನಲ್ಲಿ,
ಇನ್ನೊಂದಕ್ಕೆ ಹಿಂದೊಡೆಯಲ್ಲಿ,
ಮತ್ತೊಂದಕ್ಕೆ ಕಿವಿಯ ಕೆಳಗೆ.
ಇವನ್ನು ಮಾಡಿದ ದೇವರು ಒಬ್ಬನಲ್ಲ.

ಮೊದಲನೆಯದು ತಪ್ಪಿದೆ.
ಬಟ್ಟೆ ಮಗುಚಿ ಹಾಸಿದ್ದೆ, ಬಲ ಎಡವಾಯಿತು.
ಡಾಕ್ಟರಮ್ಮ ಮಾತಾಡದೆ ಗಂಟು ಇಳಿಸಿ ಹೋದರು.
ಆ ಕಡೆ ಹೊಸದು ಕತ್ತರಿಸಿ
ಈ ಕಡೆಯದಕ್ಕೊಂದು ಕಿಸೆಮುಚ್ಚಳ ಕೂಡಿಸಿ
ಡಬ್ಬಿಯಲ್ಲಿದ್ದ ಜೀನ್ಸಿನ ತಾಮ್ರದ ಗುಂಡಿ ಬಡಿದೆ.
ಮುಂದಿನ ವಾರ ಪಕ್ಕದ ಮನೆಯವರು ಬಂದರು:
'ಅವರದಕ್ಕೆ ಇದ್ದಂಗೆ ಎರಡೂ ಕಡೆ ಹಾಕ್ರಿ,
ಗುಂಡಿ ಸಮೇತ.'

ಒಂದು ರಾತ್ರಿ ಆ ಬೀದಿಯಲ್ಲಿ ಬರುತ್ತಿದ್ದೆ.
ಅಡಿಗೆಮನೆ ಕಿಟಕಿಯಿಂದ ಇಳಿದ ವೈರು
ಚರಂಡಿ ದಾಟಿ ನನ್ನ ಕಾಜಾದೊಳಗೆ ಹೋಗಿತ್ತು.
ಬಟ್ಟೆಯ ಹಿಂದೆ ಹಸಿರು ದೀಪ
ಉಸಿರಾಡುತ್ತಿತ್ತು.
ಹೊಲಿಗೆ ಎಷ್ಟು ಒತ್ತಾಗಿದೆ ಎಂದು
ಆ ಬೆಳಕಿನಲ್ಲಿ ಎಣಿಸಿದೆ.
ಕುಡತಿನಿಯಲ್ಲಿ ನನ್ನ ತಮ್ಮ ಮಾರೆಪ್ಪ
ಬೂದಿ ಗೋರುತ್ತಾನೆ, ಈ ವಾರ ರಾತ್ರಿ ಪಾಳಿ.
ಅವನ ಕೆಮ್ಮು ವೈರಿನಲ್ಲಿ ಬರುವುದಿಲ್ಲ.

ಆಗಲೇ ಕರೆಂಟು ಹೋಯಿತು.
ಫ್ಯಾನು ನಿಂತ ಮನೆಗಳಿಂದ
ಜನ ಬೀಸಣಿಗೆ ಹಿಡಿದು ಕಟ್ಟೆಗೆ ಬಂದರು.
ಇಪ್ಪತ್ತು ಲಕ್ಷದ ಕಾರೂ
ಅರ್ಧ ಉಂಡು, ಬಾಯಿ ಕಳೆದು
ನಮ್ಮ ಸಾಲಿನಲ್ಲೇ ಕಾಯುತ್ತಿತ್ತು.

ಮೊನ್ನೆ ಶೇಕ್ಷಾವಲಿ ತನ್ನ ಕರೆಂಟಿನ ಆಟೋ ತಂದ.
'ಬಾಯಿ ಎಲ್ಲೈತಪ್ಪಾ?'
'ಸೀಟಿನ ಕೆಳಗ, ಅಕ್ಕಾ.
ಪ್ಲಗ್ಗು ಮಾತ್ರ ಮನ್ಯಾಗಿಲ್ಲ,
ಗಿರಣಿಯವರು ರಾತ್ರಿ ಕೊಡ್ತಾರ,
ಹಿಟ್ಟು ಕೂರದಂಗ ಹೊಲಿ.'
ಅಟ್ಟದಿಂದ ಒಂದು ಮಡಿಕೆ ಇಳಿಸಿದೆ, ದೂಳು ಕೊಡವಿದೆ.
ಹತ್ತು ಮೀಟರಿಗೆ ಆಟೋ ಮುಗಿಯಿತು.

ಎರಡು ಮೀಟರು ತೊಡೆಯ ಮೇಲಿದೆ.
ಸುಂಕಿ ಈಗ ಒಂದೇ ನೋಟ್‌ಬುಕ್ಕು
ಕೈಯಲ್ಲಿ ಸುತ್ತಿಕೊಂಡು ಕಾಲೇಜಿಗೆ ಹೋಗುತ್ತಾಳೆ.
ಸೂಜಿಗೆ ದಾರ ಪೋಣಿಸಿಯಾಗಿದೆ,
ಏನು ಹೊಲಿಯಬೇಕೋ
ಇನ್ನೂ ಹೊಳೆದಿಲ್ಲ.